ಎರೆಹೊಲದ ಗಾಲಿಗೆ ಸರಪಳಿ ಬೇಕೆ?

ಹಿಂಗಾರಿಯ ಮಳೆ ನಿಂತ ಮರುದಿನ ಮುಶಿಗೇರಿಯ ಎರೆಹೊಲದಲ್ಲಿ ಹತ್ತು ಹೆಜ್ಜೆ ನಡೆದವರಿಗೆ, ನಾವು ಹೇಳಹೊರಟಿರುವುದರ ಅರ್ಧ ಭಾಗ ಆಗಲೇ ತಿಳಿದಿರುತ್ತದೆ. ಮೊದಲ ಹೆಜ್ಜೆಗೆ ಚಪ್ಪಲಿಗೆ ಮಣ್ಣು ಮೆತ್ತುತ್ತದೆ. ಐದನೆಯದಕ್ಕೆ ಚಪ್ಪಲಿಯೇ ಕಾಣದಾಗುತ್ತದೆ. ಹತ್ತನೆಯದಕ್ಕೆ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತದೆ. ಇಂತಹ ನೆಲದಲ್ಲಿ ಸಣ್ಣ ಟ್ರ್ಯಾಕ್ಟರಿನ ಗಾಲಿ ಇದ್ದಲ್ಲಿಯೇ ತಿರುಗತೊಡಗಿದರೆ, ಅದಕ್ಕೊಂದು ಕಬ್ಬಿಣದ ಸರಪಳಿ ಸುತ್ತಿದರಾಗದೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆ ಹಣ ವ್ಯರ್ಥವೆಂಬುದೇ ನಮ್ಮ ಅಭಿಪ್ರಾಯ.

ಗಾಲಿಯ ಸರಪಳಿಯು ಹಿಮದ ನಾಡಿನ ಕೂಸು. ಅಮೆರಿಕದ ಹ್ಯಾರಿ ವೀಡ್ ಎಂಬವನು 1904ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅಲ್ಲಿ ಗಾಲಿಯ ಕೆಳಗಿರುವುದು ಮಂಜುಗಡ್ಡೆ. ಅದು ನುಣುಪಾದರೂ ಗಟ್ಟಿ; ವಾಹನದ ಭಾರಕ್ಕೆ ಸಿಕ್ಕ ಕೊಂಡಿಗಳು ಅದನ್ನು ಕಚ್ಚಿ ಹಿಡಿಯುತ್ತವೆ. ನಮ್ಮ ಎರೆಯಲ್ಲಿ ಕಚ್ಚುವುದಕ್ಕೆ ಗಟ್ಟಿಯಾದುದು ಏನಿದೆ? ಕಪ್ಪು ಮಣ್ಣಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 40ರಿಂದ 60ರಷ್ಟು ಜೇಡಿಯ ಕಣಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ತನ್ನ ತೆಳುವಾದ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ಬೆಣ್ಣೆಯಾಗುವುದು ಇದರಿಂದ. ಸರಪಳಿಯ ಕೊಂಡಿಗಳ ಸಂದುಗಳೆಲ್ಲ ಒಂದೆರಡು ಸುತ್ತಿನಲ್ಲಿ ಈ ಮಣ್ಣಿನಿಂದ ತುಂಬಿ, ಗಾಲಿಯು ದೊಡ್ಡದೊಂದು ಮಣ್ಣಿನುಂಡೆಯಾಗುತ್ತದೆ.

ಇದರ ಹಿಂದಿರುವ ತತ್ತ್ವವನ್ನು ತಿಳಿಸಿಕೊಟ್ಟವನು ಹದಿನೆಂಟನೆಯ ಶತಮಾನದ ಫ್ರೆಂಚ್ ಇಂಜಿನಿಯರ್ ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಕೂಲಂಬ್‌ನೇ ಈತ. ಮಣ್ಣು ಜಾರದಂತೆ ತಡೆಯುವ ಬಲಗಳು ಎರಡು: ಒಂದು ಕಣಗಳ ಪರಸ್ಪರ ಅಂಟು, ಇನ್ನೊಂದು ಅವುಗಳ ಘರ್ಷಣೆ. ಅಂಟಿನ ಬಲವು ಗಾಲಿ ನೆಲವನ್ನು ಮುಟ್ಟುವ ವಿಸ್ತಾರವನ್ನು ಅವಲಂಬಿಸಿದರೆ, ಘರ್ಷಣೆಯ ಬಲವು ಗಾಲಿಯ ಮೇಲಿನ ಭಾರವನ್ನು ಅವಲಂಬಿಸುತ್ತದೆ. ಮರಳಿನಲ್ಲಿ ಘರ್ಷಣೆಯೇ ಪ್ರಧಾನ. ಅಲ್ಲಿ ಭಾರ ಹೇರಿದಷ್ಟೂ ಹಿಡಿತ ಹೆಚ್ಚುತ್ತದೆ. ನೀರು ಕುಡಿದ ಜೇಡಿಯಲ್ಲಾದರೋ ಘರ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದುದರಿಂದ ಬೇಸಿಗೆಯ ಉಳುಮೆಗೆ ನೆರವಾಗುವ ಉಪಾಯ, ಎಂದರೆ ಟೈರಿನೊಳಗೆ ಮುಕ್ಕಾಲು ಪಾಲು ನೀರು ತುಂಬುವುದು, ಹಸಿ ಎರೆಯಲ್ಲಿ ಗಾಲಿಯನ್ನು ಹೂಳುವುದಕ್ಕೇ ನೆರವಾಗುತ್ತದೆ. ಅಲ್ಲಿ ಬೇಕಾದುದು ವಿಸ್ತಾರ. ಗಂಗಾವತಿ, ಸಿಂಧನೂರುಗಳ ಭತ್ತದ ಗದ್ದೆಗಳಲ್ಲಿ ಟೈರಿನ ಪಕ್ಕಕ್ಕೆ ಕಬ್ಬಿಣದ ಪಂಜರಗಾಲಿ ಜೋಡಿಸುವುದು ಇದಕ್ಕಾಗಿಯೇ. ಆದರೆ ಕೆಸರು ಮಾಡುವುದೇ ಅಲ್ಲಿನ ಉದ್ದೇಶ. ಕಡಲೆ, ಜೋಳಗಳ ಹೊಲಕ್ಕೆ ಅದು ಮಾದರಿಯಾಗಲಾರದು. (ಆ ಗಾಲಿಗಳನ್ನು ಕಳಚದೆ ಡಾಂಬರು ರಸ್ತೆಗೆ ತರುವವರ ವಿಚಾರ ಬೇರೆಯೇ ಬರೆಯಬೇಕಾದುದು!)

ಹೊಲ ಬಿಟ್ಟು, ಕಲ್ಲುತಳವಿರುವ ಚಕ್ಕಡಿದಾರಿಯ ಮೇಲುಕೆಸರನ್ನು ದಾಟಲು ಮಾತ್ರ ಸರಪಳಿ ಬೇಕೆನ್ನುವವರಿದ್ದಾರೆ. ಅವರ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಏಣಿಯ ಮೆಟ್ಟಿಲುಗಳಂತೆ ಬರಿಯ ಅಡ್ಡಕೊಂಡಿಗಳಿರುವ ಸರಪಳಿ ಅವರಿಗೂ ಬೇಡ. ಟ್ರ್ಯಾಕ್ಟರ್ ಟೈರಿನ ಎತ್ತರವಾದ ಏಣುಗಳ ನಡುವೆ ಆ ಕೊಂಡಿಗಳು ಜಾರಿ ಅಡಗಿಬಿಡುತ್ತವೆ. ಅಡ್ಡಕೊಂಡಿಗಳನ್ನು ಉದ್ದಕೊಂಡಿಗಳು ಬಂಧಿಸಿರುವ ಬಗೆಯನ್ನೇ ಆರಿಸಬೇಕು. ಕೊಳ್ಳುವ ಮೊದಲು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗವಿದೆಯೆಂದು ಅಳೆದು ನೋಡಬೇಕು.

ಹಿಂಗಾರಿಯ ಕಡಲೆಯು ಬಹುಪಾಲು ನೆಲದೊಳಗೆ ಉಳಿದ ತೇವದಿಂದಲೇ ಬೆಳೆಯತಕ್ಕದ್ದು. ಹಸಿಯಿದ್ದಾಗ ಗಾಲಿ ತುಳಿದ ಮಣ್ಣಿನಲ್ಲಿ ರಂಧ್ರಗಳು ಮುಚ್ಚಿ, ಅಡಿಯಲ್ಲಿ ಹಲಗೆಯಂತಹ ಪದರವಾಗುತ್ತದೆ. ಬೇರು ಅದನ್ನು ಭೇದಿಸಿ ಕೆಳಗಿನ ತೇವವನ್ನು ಮುಟ್ಟುವುದು ಕಷ್ಟ. ಗಾಲಿ ಜಾರುತ್ತಿರುವುದು ಯಂತ್ರದ ದೋಷವಲ್ಲ, ನೆಲ ಕೊಡುವ ಎಚ್ಚರಿಕೆ. ಬಾಡಿಗೆ ಟ್ರ್ಯಾಕ್ಟರಿಗೆ ಸರದಿ ಕಾಯುವವನಿಗೆ ಈ ಮಾತು ರುಚಿಸದೆಂದು ಬಲ್ಲೆವು. ಹದ ಬಹಳ ದಿನ ನಿಲ್ಲುವುದಿಲ್ಲ. ಸರದಿ ತಪ್ಪಿದರೆ ಮೇಲ್ಮಣ್ಣು ಒಣಗಿ ಬಿತ್ತನೆಯೇ ಕೆಡಬಹುದು. ಆದರೂ ಒಂದು ದಿನದ ಅವಸರಕ್ಕೆ ಇಡೀ ಹಂಗಾಮಿನ ಬೇರನ್ನು ಒತ್ತೆಯಿಡುವುದು ನಮಗೆ ಸರಿಕಾಣದು.

ನಮ್ಮ ತರುಣ ವಾಚಕರು ಮನೆಯವರಿಗೆ ನೆರವಾಗಬಹುದಾದ ಎರಡು ಪರೀಕ್ಷೆಗಳಿವೆ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ರಂಟೆಯನ್ನು ಎತ್ತಿಕೊಂಡು ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ಅನಂತರ ರಂಟೆಯನ್ನು ಇಳಿಸಿ ಮತ್ತೆ ಹತ್ತು ಸುತ್ತು. ಮೊದಲ ಸಲ 30 ಮೀಟರು, ಎರಡನೆಯ ಸಲ 24 ಮೀಟರು ಬಂದರೆ ಜಾರಿಕೆ ನೂರಕ್ಕೆ 20. ಅದು 15ನ್ನು ಮೀರಿತೆಂದರೆ ಇಂಧನವೂ ಟೈರೂ ವ್ಯರ್ಥವಾಗಿ ಸವೆಯುತ್ತಿವೆಯೆಂದೇ ತಿಳಿಯಬೇಕು. ಇನ್ನೊಂದು ಪರೀಕ್ಷೆಗೆ ಯಂತ್ರವೇ ಬೇಡ. ರಂಟೆ ಇಳಿಯುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಶಾವಿಗೆಯಂತೆ ಹೊಸೆಯಿರಿ. 3 ಮಿಲಿಮೀಟರು ದಪ್ಪಕ್ಕೆ ಬಂದರೂ ಎಳೆ ಮುರಿಯದಿದ್ದರೆ, ಟ್ರ್ಯಾಕ್ಟರು ಆ ದಿನ ಮನೆಯ ಮುಂದೆಯೇ ನಿಂತಿರಲಿ.