ಕುಡೀತೀಯೇನೋ?

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ನಮ್ಮಪ್ಪನಿಗೆ ಕೇಳಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ನೋವು ಎಲ್ಲಿ ಅಂತ ಕೇಳಲಿಲ್ಲ. ಹಳದಿಗಣ್ಣು, ನೀರು ತುಂಬಿ ಗುಡಾಣವಾದ ಹೊಟ್ಟೆ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತು ಬಾಗಿದ ಬೆನ್ನು, ಮಾಸಿದ ಅಂಗಿ. ಅಷ್ಟು ನೋಡಿದ್ದೇ ಸಾಕಾಯಿತು. ಹಮಾಲ, ಲಿವರ್ ಕೆಟ್ಟಿದೆ, ಅಂದರೆ ಕುಡುಕ.

"ಇಲ್ರೀ ಸಾಹೇಬ್ರ, ಒಂದಿನಾನೂ ಮುಟ್ಟಿಲ್ರೀ" ಅಂದ ಅಪ್ಪ. ಸಾಹೇಬರು ಸುತ್ತ ನಿಂತಿದ್ದ ಹುಡುಗ ಡಾಕ್ಟರರ ಕಡೆ ತಿರುಗಿ ನಕ್ಕರು. ಫೈಲಿನಲ್ಲಿ 'ಆಲ್ಕೋಹಾಲಿಕ್' ಅಂತ ಬರೆದರು. ಅಪ್ಪ ನನ್ನ ಮುಖ ನೋಡಿದ. ಆ ನೋಟ ಇವತ್ತಿಗೂ ನನ್ನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿದೆ.

ಎರಡು ದಿನ ಬಿಟ್ಟು ರಕ್ತದ ರಿಪೋರ್ಟು ಬಂತು. ಹೆಪಟೈಟಿಸ್ ಬಿ. ಫೈಲಿನ ಆ ಶಬ್ದವನ್ನು ಯಾರೂ ಹೊಡೆದುಹಾಕಲಿಲ್ಲ.

ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ, ಆರು ಸೆಂಟಿಮೀಟರ್. ಕೊಯ್ಯಲು ಬರುವುದಿಲ್ಲ ಅಂದರು. ಕರೆಂಟು ಕೊಡ್ರಿ ಅಂದೆ. ಸಾಮಾನ್ಯ ಕಿರಣ ಗಡ್ಡೆಯನ್ನು ಹಾದು ಬೆನ್ನಿನಿಂದಾಚೆ ಹೋಗುತ್ತದೆ, ಹಾದಿಯಲ್ಲಿರುವ ಒಳ್ಳೆಯ ಲಿವರನ್ನೂ ಸುಡುತ್ತದೆ, ಇವರಿಗೆ ಉಳಿದಿರುವುದೇ ಸ್ವಲ್ಪ ಅಂದ ಒಬ್ಬ ಹುಡುಗ ಡಾಕ್ಟರ್. ಆಮೇಲೆ ದನಿ ತಗ್ಗಿಸಿ, "ಪ್ರೋಟಾನ್ ಅಂತ ಒಂದಿದೆ, ಗಡ್ಡೆ ತನಕ ಹೋಗಿ ಅಲ್ಲೇ ನಿಲ್ಲುತ್ತೆ. ಆದ್ರೆ ಅದು ನಿಮಗಾಗಲ್ಲ ಬಿಡಿ" ಅಂದ.

ನಿಮಗಾಗಲ್ಲ. ಲಿವರ್ ಪೂರಾ ಸೋತಿದ್ದರೆ, ರೋಗ ಮೈತುಂಬ ಹರಡಿದ್ದರೆ ಯಾವ ಕಿರಣವೂ ಉಪಯೋಗಕ್ಕೆ ಬಾರದು ಅನ್ನುವುದು ವೈದ್ಯಶಾಸ್ತ್ರ, ಅದನ್ನು ಒಪ್ಪುತ್ತೇನೆ. ಆದರೆ ಅವನು ಅಪ್ಪನ ಲಿವರ್ ಲೆಕ್ಕ ಹಾಕಿ ಆ ಮಾತು ಹೇಳಿರಲಿಲ್ಲ.

ಅಂಗಿ ನೋಡಿ ಹೇಳಿದ್ದ.

ಊರಿಗೆ ಬಂದು ಹುಚ್ಚನಂತೆ ಓದಿದೆ. ಪ್ರೋಟಾನಿನಂಥ ಕಣ ತನ್ನ ಶಕ್ತಿಯ ಬಹುಪಾಲನ್ನು ಓಟದ ಕೊನೆಯಲ್ಲಿ, ನಿಲ್ಲುವ ಜಾಗದಲ್ಲಿ ಸುರಿಯುತ್ತದೆ ಅಂತ ವಿಲಿಯಂ ಬ್ರ್ಯಾಗ್ ಕಂಡುಕೊಂಡು ನೂರು ವರ್ಷ ದಾಟಿದೆ. ಇದರಿಂದ ಕ್ಯಾನ್ಸರ್ ಸುಡಬಹುದು ಎಂದು ರಾಬರ್ಟ್ ವಿಲ್ಸನ್ ಬರೆದದ್ದು 1946ರಲ್ಲಿ. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಕಣಗಳಿಂದಲೂ ಚಿಕಿತ್ಸೆ ನಡೆದಿದೆ. ಕೊಯ್ಯಲಾಗದ, ನಾಲ್ಕು ಸೆಂಟಿಮೀಟರಿಗೂ ಮೇಲಿನ ಲಿವರ್ ಗಡ್ಡೆಗೆ 2022ರ ಏಪ್ರಿಲ್‌ನಿಂದ ಅಲ್ಲಿನ ಸರ್ಕಾರಿ ವಿಮೆಯೇ ಹಣ ಕೊಡುತ್ತದೆ. ಅಪ್ಪನದು ಆರು! ನಮ್ಮ ದೇಶಕ್ಕೆ ಪ್ರೋಟಾನ್ ಬಂದದ್ದು 2019ರಲ್ಲಿ, ಚೆನ್ನೈಯ ಖಾಸಗಿ ಆಸ್ಪತ್ರೆಗೆ. ಟಾಟಾ ಸಂಸ್ಥೆಯ ಖಾರ್ಘರ್ ಕೇಂದ್ರದಲ್ಲಿ ಶುರುವಾದದ್ದು 2023ರಲ್ಲಿ. ಖಾಸಗಿಯಲ್ಲಿ ಹತ್ತಾರು ಲಕ್ಷ. ನಮ್ಮ ಆಯುಷ್ಮಾನ್ ಕಾರ್ಡಿನ ಮಿತಿ ಇಡೀ ಮನೆಗೆ ವರ್ಷಕ್ಕೆ 5 ಲಕ್ಷ. ಮಿಲಿಮೀಟರ್ ಲೆಕ್ಕದಲ್ಲಿ ಕಿರಣ ನಿಲ್ಲಿಸಬಲ್ಲ ಈ ಲೋಕಕ್ಕೆ ಕೊಪ್ಪಳ ಸ್ಟೇಷನ್ನಿನಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿದ ರೋಗಿಯನ್ನು ಕೂರಿಸಿ ಮಾತಾಡಿಸಲು ಬರಲಿಲ್ಲ.

ಇನ್ನೊಂದು ಸಿಟ್ಟಿದೆ, ಅದು ಇದಕ್ಕಿಂತ ಹಳೆಯದು. ಈ ರೋಗಕ್ಕೆ ಪ್ರೋಟಾನಿನ ತನಕ ಹೋಗಬೇಕಾಗಿಯೇ ಇರಲಿಲ್ಲ. ಹೆಪಟೈಟಿಸ್ ಬಿ ವೈರಾಣು ಕಂಡುಹಿಡಿದ ಬ್ಲುಂಬರ್ಗ್‌ಗೆ ನೊಬೆಲ್ ಬಂದದ್ದು 1976ರಲ್ಲಿ. ಎಂಬತ್ತರ ದಶಕದಲ್ಲಿ ಲಸಿಕೆ ಬಂತು. ಅದು ದೇಶದ ಎಲ್ಲ ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿ ಸೇರುವಷ್ಟರಲ್ಲಿ 2011 ಆಗಿತ್ತು. ಆ ನಡುವಿನ ವರ್ಷಗಳಲ್ಲಿ ನಮ್ಮ ಯಲಬುರ್ಗಾ ಕಡೆಯ ಹಳ್ಳಿಗೆ ಸೈಕಲ್ ಮೇಲೆ ಬರುತ್ತಿದ್ದ ಡಾಕ್ಟರ್ ಒಂದೇ ಗಾಜಿನ ಸಿರಿಂಜು, ಒಂದೇ ಸೂಜಿಯಿಂದ ಕೇರಿಗೆಲ್ಲ ಚುಚ್ಚುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಾಮಣಿ ಆದಾಗ ಅಪ್ಪನ ಮುಂಗೈಗೆ ಬರೆ ಹಾಕಿಸಿದೆವು. ಸುಟ್ಟ ಆ ಗುರುತು ಸಾಯುವ ತನಕ ಇತ್ತು. ವೈರಾಣು ಹೊತ್ತವನಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕೆಂದು ನಮಗೆ ಹೇಳಿದವರು ಯಾರು? ಮೊದಲು ರಕ್ತ ನೋಡಿದವರು ಯಾರು?

ಶೇಂಗಾದ ಮಾತೂ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಸೀಮೆಯ ಗಟ್ಟಿ ಕಾಳು ಪೇಟೆಗೆ ಹೋಗುತ್ತಿತ್ತು. ಮಳೆಗೆ ಸಿಕ್ಕು ಹಸಿರು ಬೂಷ್ಟು ಹಿಡಿದದ್ದನ್ನು ಧಣಿಯ ಮನೆಯವರು ಅವ್ವನ ಸೆರಗಿಗೆ ಸುರಿಯುತ್ತಿದ್ದರು. ಅವ್ವ ಅದನ್ನೇ ಹುರಿದು, ಕುಟ್ಟಿ, ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿ ಕೊಡುತ್ತಿದ್ದಳು. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ, ಹುರಿದರೂ ಪೂರಾ ಹೋಗುವುದಿಲ್ಲ, ಹೆಪಟೈಟಿಸ್ ಬಿ ಇದ್ದವನಿಗೆ ಲಿವರ್ ಕ್ಯಾನ್ಸರಿನ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಅವ್ವನಿಗೆ ಇದನ್ನು ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ಅಪ್ಪನನ್ನು ಮಣ್ಣಿಗಿಟ್ಟ ದಿನ ಓಣಿಯಲ್ಲಿ ಒಬ್ಬ, "ಕುಡ್ದು ಲಿವರ್ ಕಳಕೊಂಡ" ಅಂದ. ಕೊರಳಪಟ್ಟಿ ಹಿಡಿದೆ. ನಾಲ್ಕು ಜನ ಬಿಡಿಸಿದರು.

ಹೋದ ವರ್ಷ ತಂಗಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಇಪ್ಪತ್ನಾಲ್ಕು ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಬೇಕು. ನಾನು ವಾರ್ಡಿನ ಬಾಗಿಲಲ್ಲೇ ನಿಂತೆ. ಮೂರನೇ ಸಲ ಕೇಳಿದಾಗ ನರ್ಸಮ್ಮ ಸಿಡುಕಿದಳು: "ನೀವೇನು ಡಾಕ್ಟರಾ?"

"ಅಲ್ರೀ. ಹಮಾಲನ ಮಗ. ಗಡಿಯಾರ ನೋಡ್ರೀ, ಹದಿನೆಂಟು ತಾಸಾತು."