ಪೋಡಿಯಾಗದ ಪ್ರಭೇದಗಳು

ಹೊಳೆದಂಡೆಯ ಬಂಡೆಗಳ ಮೇಲೆ, ನೆರಳಿನ ತೇವದ ಗೋಡೆಗಳ ಮೇಲೆ ಹಸಿರು ತೊಗಟೆಯಂತೆ ಅಂಟಿ ಬೆಳೆಯುವ ಲಿವರ್‌ವರ್ಟ್‌ಗಳನ್ನು ನಮ್ಮಲ್ಲಿ ಹೆಚ್ಚಿನವರು ಹಾವಸೆಯೆಂದೇ ತಿಳಿದು ದಾಟಿಹೋಗುತ್ತಾರೆ. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಜಗತ್ತಿನಲ್ಲಿ ಇವುಗಳ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆಯೆಂದು ಸಸ್ಯಶಾಸ್ತ್ರದ ಪಟ್ಟಿಗಳು ಹೇಳುತ್ತವೆ. ಈ ಲೆಕ್ಕವು ಬಹುಪಾಲು ಕಣ್ಣಿನ ಅಂದಾಜನ್ನು ಅವಲಂಬಿಸಿದೆ ಎಂಬುದು ಈಗ ಒಂದೊಂದಾಗಿ ಬಯಲಾಗುತ್ತಿದೆ.

ಅನ್ಯೂರಾ ಪಿಂಗ್ವಿಸ್ ಎಂಬ ಲಿವರ್‌ವರ್ಟನ್ನೇ ನೋಡೋಣ. ಎಣ್ಣೆ ಸವರಿದಂತೆ ಹೊಳೆಯುವ, ನಯವಾದ ಈ ಸಸ್ಯದಲ್ಲಿ ಗುರುತು ಹಿಡಿಯಲು ಅನುಕೂಲವಾಗುವ ಲಕ್ಷಣಗಳೇ ಕಡಿಮೆ. ಆದುದರಿಂದ ಎಲ್ಲಿ ಕಂಡರೂ ಒಂದೇ ಹೆಸರು. ಪೋಲೆಂಡಿನ ವಿಜ್ಞಾನಿಗಳು ಇದರ ಮಾದರಿಗಳ ಡಿಎನ್‌ಎ ಹೋಲಿಸಿದಾಗ ಒಂದು ಹೆಸರಿನಡಿ ಹಲವು ಪ್ರತ್ಯೇಕ ವಂಶಗಳು ಅಡಗಿರುವುದು ಕಂಡುಬಂತು. ಅವಕ್ಕೆ ಎ, ಬಿ, ಸಿ ಎಂಬ ಅಕ್ಷರಗಳನ್ನಿಟ್ಟುಕೊಂಡೇ ಅವರು ಕೆಲಸ ನಡೆಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನವು ಕ್ಲೋರೋಪ್ಲಾಸ್ಟ್ ಮತ್ತು ಮೈಟೊಕಾಂಡ್ರಿಯಾಗಳ ಡಿಎನ್‌ಎಯನ್ನು ಪರಿಶೀಲಿಸಿತು.

ಜೀವಕೋಶದೊಳಗಿನ ಈ ಎರಡು ಘಟಕಗಳಲ್ಲಿ ಮೊದಲನೆಯದು ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಎರಡನೆಯದು ಶಕ್ತಿ ಒದಗಿಸುತ್ತದೆ. ಎರಡೂ ಬಹು ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಆ ಕಾಲದ ಆಸ್ತಿಯಾಗಿ ಸ್ವಂತ ಡಿಎನ್‌ಎಯ ಒಂದು ತುಣುಕನ್ನು ಉಳಿಸಿಕೊಂಡಿವೆ. ಸಾಮಾನ್ಯವಾಗಿ ಅದು ತಾಯಿಯ ಕಡೆಯಿಂದಲೇ ಬರುವುದರಿಂದ ವಂಶದ ಜಾಡು ಹಿಡಿಯುವುದು ಸುಲಭ. ಲಿವರ್‌ವರ್ಟ್‌ಗಳಲ್ಲಿ ಮೈಟೊಕಾಂಡ್ರಿಯಾದ ಜೀನುಗಳ ಜೋಡಣೆ ಕೋಟ್ಯಂತರ ವರ್ಷಗಳಿಂದ ಹೆಚ್ಚು ಕದಲಿಲ್ಲ. ಇಷ್ಟು ನಿಧಾನವಾಗಿ ಬದಲಾಗುವ ದಾಖಲೆಯಲ್ಲೂ ಸ್ಥಿರವಾದ ವ್ಯತ್ಯಾಸ ಕಂಡರೆ ಅದನ್ನು ಲಘುವಾಗಿ ಕಾಣಲಾಗದು.

ಕಂದಾಯ ಆಡಳಿತ ಬಲ್ಲವರಿಗೆ ಇದು ಪರಿಚಿತ ಸ್ಥಿತಿ. ಪಹಣಿಯಲ್ಲಿ ಸರ್ವೆ ನಂಬರ್ ಒಂದೇ, ನೆಲದ ಮೇಲೆ ಅನುಭವದಲ್ಲಿರುವ ಕುಟುಂಬಗಳು ಮೂರು. ಪೋಡಿಯಾಗುವವರೆಗೆ ಸಾಲವಾಗಲಿ ಪರಿಹಾರವಾಗಲಿ ಸರಿಯಾದವರ ಕೈ ಸೇರುವುದು ಕಷ್ಟ. ಪ್ರಭೇದಗಳ ವಿಷಯವೂ ಹಾಗೆಯೇ. ವ್ಯಾಪಕವೆಂದು ನಮೂದಾದ ಹೆಸರಿನಡಿ ಒಂದೆರಡು ಕಣಿವೆಗಳಿಗಷ್ಟೇ ಸೀಮಿತವಾದ ಪ್ರಭೇದವೊಂದು ಅಡಗಿದ್ದರೆ, ಅದು ಅಳಿದರೂ ಪಟ್ಟಿಯಲ್ಲಿ ಒಂದು ಅಂಕಿಯೂ ಕಡಿಮೆಯಾಗುವುದಿಲ್ಲ.

ಅತಿಯಾಗಿ ಒಡೆದರೆ ಪ್ರಭೇದಗಳ ಸಂಖ್ಯೆಯೂ ಹಣದಂತೆ ಉಬ್ಬರಿಸೀತು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಎಷ್ಟು ಅಕ್ಷರಗಳ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂಬುದಕ್ಕೆ ಸರ್ವಸಮ್ಮತ ಮಿತಿಯಿಲ್ಲ. ತಾಯಿಯ ಕಡೆಯ ಸಾಕ್ಷ್ಯವೊಂದೇ ಸಾಲುವುದೂ ಇಲ್ಲ. ಆದರೆ ಕೊನೊಸೆಫಾಲಮ್ ಕೊನಿಕಮ್‌ನ ಕಥೆ ಬೇರೆಯದೇ ಪಾಠ ಹೇಳುತ್ತದೆ. ಪೋಲೆಂಡಿನಲ್ಲಿ ಮೊದಲು ಕಿಣ್ವಗಳ ಹೋಲಿಕೆಯಿಂದ ಅದು ಎರಡೆಂದು ತಿಳಿಯಿತು. ಅನಂತರ ಸಸ್ಯಗಳನ್ನು ಮತ್ತೆ ನೋಡಿದಾಗ ಒಂದರ ಮೈ ನುಣುಪಾಗಿ ಹೊಳೆಯುವುದೂ ಇನ್ನೊಂದರ ಮೈ ಮಸುಕಾಗಿ ಗೆರೆಗೆರೆಯಾಗಿರುವುದೂ ಕಣ್ಣಿಗೇ ಬಿತ್ತು. 2005ರಲ್ಲಿ ಶ್ವೈಕೋವ್ಸ್ಕಿ ಮತ್ತು ಸಂಗಡಿಗರು ಎರಡನೆಯದಕ್ಕೆ ಕೊನೊಸೆಫಾಲಮ್ ಸಲೆಬ್ರೋಸಮ್ ಎಂದು ಹೆಸರಿಟ್ಟರು. ವ್ಯತ್ಯಾಸ ಮೊದಲಿನಿಂದಲೂ ಅಲ್ಲಿಯೇ ಇತ್ತು.

ಜಪಾನಿನ ಪ್ರಸಂಗ ಇನ್ನೂ ಸ್ವಾರಸ್ಯಕರ. 1986ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಓಯಾಮಾ ಮತ್ತು ಸಂಗಡಿಗರು ಲಿವರ್‌ವರ್ಟ್ ಒಂದರ ಕ್ಲೋರೋಪ್ಲಾಸ್ಟ್ ಜೀನೋಮನ್ನು ಪೂರ್ತಿಯಾಗಿ ಓದಿದರು. ಒಟ್ಟು 1,21,024 ಅಕ್ಷರಗಳು. ಅದೇ ವರ್ಷ ನಗೋಯಾದಲ್ಲಿ ಓದಲಾದ ತಂಬಾಕಿನ ಜೀನೋಮ್ ಬಿಟ್ಟರೆ ಅಂಥ ದಾಖಲೆ ಬೇರಿರಲಿಲ್ಲ. ಅದರ ಮೇಲಿದ್ದ ಹೆಸರು ಮಾರ್ಕೇಶಿಯ ಪಾಲಿಮಾರ್ಫ. ಮೂರು ದಶಕಗಳ ಬಳಿಕ ನಿಜವಾದ ಪಾಲಿಮಾರ್ಫದೊಡನೆ ಹೋಲಿಸಿದಾಗ, ಅಂದು ಓದಿದ್ದು ಅದರ ಸಮೀಪದ ಬಂಧು ಮಾರ್ಕೇಶಿಯ ಪಾಲಿಯೇಸಿಯವನ್ನು ಎಂದು ಗೊತ್ತಾಯಿತು. ಪಠ್ಯಗಳಲ್ಲೆಲ್ಲ ಉದ್ಧೃತವಾದ ದಾಖಲೆಯ ಕಥೆಯಿದು. ಅಕ್ಷರಸಾಲು ಸಾರ್ವಜನಿಕ ಭಂಡಾರದಲ್ಲಿದ್ದುದರಿಂದ ತಿದ್ದುಪಡಿ ಸಾಧ್ಯವಾಯಿತು; ಇಂದು ಅಲ್ಲಿ ಸರಿಯಾದ ಹೆಸರಿದೆ.

ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸಬೇಕು. ಕೆಲಸ ವರ್ಷಗಟ್ಟಲೆ ಕುಂಟಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಅಂತ್ಯದ ಗಡುವು ವಿಧಿಸಿತು. ಗಡುವಿಗಾಗಿ ತುಂಬುವ ವಹಿಗಳಲ್ಲಿ ಏನು ತುಂಬುತ್ತದೆಂಬುದು ಸರ್ಕಾರಿ ಸೇವೆಯಲ್ಲಿದ್ದ ನನ್ನಂಥವರಿಗೆ ತಿಳಿಯದ್ದಲ್ಲ. ಅಲ್ಲಿ ಕೇವಲ ಹೆಸರು ಬರೆದರೆ ಅದನ್ನು ಮುಂದೆ ಯಾರೂ ಪರೀಕ್ಷಿಸಲಾರರು.

ಗುರುತಿಸುವುದು ಕಠಿಣವಾದ ಸಸ್ಯಗಳ ಮಟ್ಟಿಗಾದರೂ ಪ್ರತಿ ನಮೂದಿನೊಡನೆ ಒಂದು ಮಾದರಿಯನ್ನು ಒಣಗಿಸಿ, ಸಂಖ್ಯೆ ಹಾಕಿ, ಹತ್ತಿರದ ವಿಶ್ವವಿದ್ಯಾಲಯದ ಸಸ್ಯಸಂಗ್ರಹಾಲಯದಲ್ಲಿ ಇರಿಸುವ ನಿಯಮ ಬರಬೇಕು. ಲಿವರ್‌ವರ್ಟನ್ನು ಕಾಗದದ ಲಕೋಟೆಯಲ್ಲಿಟ್ಟರೆ ಸಾಕು. ಚೆನ್ನಾಗಿ ಉಳಿದ ಮಾದರಿಯಿಂದ ವರ್ಷಗಳ ನಂತರವೂ ಡಿಎನ್‌ಎ ತೆಗೆಯಬಹುದು. ಬೇಕಾದುದು ಲಕೋಟೆಗಳು, ತೇವವಿಲ್ಲದ ಒಂದು ಕೋಣೆ ಮತ್ತು ಕುಳಿತು ನೋಡಬಲ್ಲ ಒಬ್ಬ ವರ್ಗೀಕರಣ ತಜ್ಞ. ಮೊದಲೆರಡಕ್ಕೆ ದೊಡ್ಡ ವೆಚ್ಚವಿಲ್ಲ. ಮೂರನೆಯದಕ್ಕೆ ಕಾಯಂ ಹುದ್ದೆ ಬೇಕು. ಅದನ್ನು ಸರ್ಕಾರವೇ ಮಂಜೂರು ಮಾಡಬೇಕು.