ವರದಿಯ ಅಂಕಿಯೂ ಯಕೃತ್ತಿನ ದೂರೂ

ಮದುವೆಯಾಗಿ ನಾಲ್ಕು ವರುಷ ಕಳೆದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಪರೀಕ್ಷೆಯೆಲ್ಲ ಸೊಸೆಯಿಂದಲೇ ಆರಂಭವಾಗುವುದು ನಮ್ಮಲ್ಲಿ ನಡೆದುಬಂದ ಅನ್ಯಾಯ. ಈಚೆಗೆ ಗಂಡಸರೂ ರಕ್ತ ಪರೀಕ್ಷಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ವರದಿಯಲ್ಲಿ ಟೆಸ್ಟೋಸ್ಟಿರೋನ್ ಕಡಿಮೆಯೆಂದು ಕಂಡೊಡನೆ ಅದರ ಚುಚ್ಚುಮದ್ದಿಗೆ ಓಡುವ ಅನರ್ಥವೂ ಜೊತೆಗೇ ಬಂದಿದೆ.

ಈ ಪುರುಷ ಹಾರ್ಮೋನು ರಕ್ತದಲ್ಲಿ ಬಿಡಿಯಾಗಿ ಸಂಚರಿಸುವುದು ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಉಳಿದುದು ಪ್ರೋಟೀನುಗಳಿಗೆ ಅಂಟಿರುತ್ತದೆ. ಅವುಗಳಲ್ಲಿ ಆಲ್ಬುಮಿನ್ನಿನ ಹಿಡಿತ ಸಡಿಲ. ಯಕೃತ್ತಿನಲ್ಲಿ ತಯಾರಾಗುವ ಎಸ್.ಎಚ್.ಬಿ.ಜಿ. ಎಂಬುದರ ಹಿಡಿತ ಬಿಗಿ. ಸಾಮಾನ್ಯ ಪರೀಕ್ಷೆ ಎಲ್ಲವನ್ನೂ ಕೂಡಿಸಿ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಎಸ್.ಎಚ್.ಬಿ.ಜಿ. ತಗ್ಗಿದಾಗ ಬಿಡಿ ಪಾಲು ಸರಿಯಿದ್ದರೂ ಮೊತ್ತ ತಗ್ಗಬಹುದು. ಸಂತೆಗೆ ಬಂದ ಚಕ್ಕಡಿಗಳನ್ನು ಎಣಿಸಿ ಮನೆಯ ಕಾಳು ತೀರಿತೆಂದು ಗಾಬರಿಪಟ್ಟಂತೆ ಇದು.

ಹಾಗಾದರೆ ಅದು ತಗ್ಗುವುದೇಕೆ? ಹೊಟ್ಟೆಯ ಬೊಜ್ಜು, ಇನ್ಸುಲಿನ್ನಿಗೆ ದೇಹ ಓಗೊಡದಿರುವುದು, ಯಕೃತ್ತಿನಲ್ಲಿ ಕೂಡಿದ ಕೊಬ್ಬು ಮುಖ್ಯ ಕಾರಣಗಳು. ಮಂದ ಥೈರಾಯ್ಡ್, ವ್ಯಾಯಾಮಶಾಲೆಯ ಸ್ಟೀರಾಯ್ಡುಗಳೂ ಕಾರಣವಾಗಬಲ್ಲವು. ಮದ್ಯ ಮುಟ್ಟದ ಮನೆತನದವರಿಗೆ ಯಕೃತ್ತಿನ ಕಾಯಿಲೆಯೇ ಎಂದು ಹಿರಿಯರು ನೊಂದುಕೊಳ್ಳುವುದುಂಟು. ನೊಂದುಕೊಳ್ಳಬೇಕಿಲ್ಲ, ಮದ್ಯವಿಲ್ಲದೆಯೂ ಅಲ್ಲಿ ಕೊಬ್ಬು ಕೂಡುತ್ತದೆ. ಎಸ್.ಎಚ್.ಬಿ.ಜಿ. ತಗ್ಗಿದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಸಂಭವವೂ ಹೆಚ್ಚು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಆ ಕಾಯಿಲೆಯುಳ್ಳವರು ಸುಮಾರು 10 ಕೋಟಿ.

ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಹಳ್ಳಿಯ ಬಾಳನ್ನು ಕಂಡವರು ಸ್ವಲ್ಪ ನೆನೆಯಲಿ. ಅಲ್ಲಿ ದುಡಿಯುವ ಮೈಗಳಿವೆ. ಅದೇ ಸೀಮೆಯಲ್ಲಿ ಇಂದು ಟ್ರ್ಯಾಕ್ಟರ್ ಉಳುತ್ತದೆ, ಬೈಕು ಹೊಲಕ್ಕೆ ಒಯ್ಯುತ್ತದೆ. ಊಟ ಮಾತ್ರ ಅಜ್ಜನ ಕಾಲದ ಪ್ರಮಾಣದಲ್ಲೇ ಉಳಿದಿದೆ. ಮೇಲೆ ಸಂಜೆಯ ಮಿರ್ಚಿ, ಗಿರಮಿಟ್ಟು, ದಿನಕ್ಕೆ ನಾಲ್ಕು ಸಲ ಸಕ್ಕರೆಯ ಚಹ.

ಆದುದರಿಂದ ಏರಿಸುವ ದಾರಿಯೂ ಅಲ್ಲಿಯೇ ಇದೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರಿನೊಳಗಿರಲಿ. ಬೊಜ್ಜು ಕರಗಿ ಇನ್ಸುಲಿನ್ ಇಳಿದರೆ ಯಕೃತ್ತು ಆ ಪ್ರೋಟೀನನ್ನು ತಾನಾಗಿ ಹೆಚ್ಚು ತಯಾರಿಸತೊಡಗುತ್ತದೆ. ಥೈರಾಯ್ಡ್ ಮಂದವಾಗಿದ್ದರೆ ಅದಕ್ಕೆ ಚಿಕಿತ್ಸೆಯಾಗಬೇಕು. ಅಂಕಿಯನ್ನು ಏರಿಸುವುದೇ ಗುರಿಯಾಗಬಾರದು. ಯಕೃತ್ತು ಗಡುಸಾಗುವ ಸಿರೋಸಿಸ್‌ನಲ್ಲಿಯೂ ಅದು ಏರುತ್ತದೆ. ಅಂಥ ಏರಿಕೆ ಯಾರಿಗೆ ಬೇಕು? ಪುಡಿ ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನು ಚುಚ್ಚುಮದ್ದು. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದೊಡನೆ ಮಿದುಳು ವೃಷಣಗಳಿಗೆ ಕಳುಹಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಫಲಿತಾಂಶ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಇದೇ ಹಾರ್ಮೋನನ್ನು ಕೊಟ್ಟದ್ದು ಗಂಡಸರ ಸಂತಾನನಿರೋಧಕ್ಕಾಗಿ! ಮಗು ಬೇಕೆಂದು ಹೊರಟವರು ಇದನ್ನೇ ಚುಚ್ಚಿಸಿಕೊಳ್ಳುವುದನ್ನು ಏನೆನ್ನೋಣ?

ಈಗಾಗಲೇ ಚುಚ್ಚಿಸಿಕೊಂಡವರು ಅಧೀರರಾಗಬೇಕಿಲ್ಲ. ವೈದ್ಯರ ಸಲಹೆಯಂತೆ ನಿಲ್ಲಿಸಿದರೆ ಬಹುತೇಕರಲ್ಲಿ ವೀರ್ಯಾಣುಗಳು ಕೆಲವು ತಿಂಗಳುಗಳಲ್ಲಿ ಮರಳುತ್ತವೆ; ಕೆಲವರಿಗೆ ವರುಷಕ್ಕೂ ಹೆಚ್ಚು ಹಿಡಿಯಬಹುದು. ಹೊಸದಾಗಿ ಪರೀಕ್ಷೆಗೆ ಹೋಗುವವರು ಬೆಳಿಗ್ಗೆ 10ರೊಳಗೆ, ಬರಿಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ರಕ್ತ ಕೊಡಲಿ. ಮೊತ್ತ ತಗ್ಗಿದ್ದರೆ ಎಸ್.ಎಚ್.ಬಿ.ಜಿ.ಯನ್ನೂ ಅಳೆದು ಬಿಡಿ ಪಾಲನ್ನು ಲೆಕ್ಕಹಾಕಲು ವೈದ್ಯರನ್ನು ಕೇಳಲಿ. ಬಿಡಿ ಪಾಲೂ ತಗ್ಗಿದ್ದರೆ ಮಗುವಿನ ಬಯಕೆಯನ್ನು ಮೊದಲು ತಿಳಿಸಿಯೇ ಚಿಕಿತ್ಸೆಯ ಮಾತು ಎತ್ತಲಿ.